ಗೇಟಿನ ಹೆಣಿಕಿ

ಬೋರೋಟಿ ದಾಟಿ ದುಧನಿ ಕಡೆ ಹೊಂಟರ
ಎಡಕ್ಕ ಒಂದು ಗೇಟಿತ್ತು.
ಗೇಟಿಗೆ ನಂಬರಿತ್ತು, ಗುಮಟಿಗೆ ತಗಡಿತ್ತು,
ಒಳಗ ನಮ್ಮಪ್ಪ ಮಲಕಪ್ಪ ಇದ್ದ,
ಕೆಂಪು ಬಾವುಟ ಹಸಿರು ಬಾವುಟದ ನಡುವ
ನೀಲಿ ಉಲ್ಲನ್ ಉಂಡಿ ಇಟ್ಟುಕೊಂಡು.

ಗಂಡಸು ಸ್ವೇಟರ ಹೆಣೀತಾನಂತ
ಗ್ಯಾಂಗಿನವರು ನಕ್ಕರು.
ಚಕ್ಕಡಿಯವರು, ಗೇಟು ತೆರೆಯೂತನಕ ಬೀಡಿ ಹಚ್ಚಿ,
‘ಏನ ಮಲಕಪ್ಪಾ, ಎಷ್ಟನೇ ತಿಂಗಳ?’ ಅಂದರು.
ಅಪ್ಪ ತಲಿ ಎತ್ತತಿರಲಿಲ್ಲ.
ಸಾಲಿನ ನಡುವ ಮಾತಾಡಿದರ
ಕುಣಿಕಿ ಜಾರತಾವ.

ಕಲಿಸಿದಾಕಿ ಸೋಲಾಪುರದ ರೈಲ್ವೆ ದವಾಖಾನಿಯ
ಕಾಂಬಳೆ ಸಿಸ್ಟರ.
ಕಾಲಿಗೆ ಪ್ಲಾಸ್ಟರ ಹಾಕಿಸಿಕೊಂಡು ಮಲಗಿದ ಆರು ವಾರ
ಬೀಡಿ ಬೇಡುವ ಬೆರಳಿಗೆ
ಎರಡು ಕಡ್ಡಿ ಕೊಟ್ಟಳಂತ.
ಸುಲಟ ಒಂದು, ಉಲಟ ಒಂದು.
ಹೆಸರು ಮರಾಠಿ, ಎಣಿಕಿ ಕನ್ನಡ.
ನಲವತ್ತಾರು, ನಲವತ್ತೇಳು ಅನ್ನೂದರಾಗ
ಗುಮಟಿಯ ಗಂಟಿ ಹೊಡೀತಿತ್ತು.
ಅದಕ್ಕ ಎರಡೂ ಬರತಿದ್ದಿಲ್ಲ.

ಮೂರನೇ ಇಯತ್ತೆಯ ನನ್ನ ಸ್ವೇಟರಿಗೆ
ಬಲಗಡೆ ತೋಳು ಎರಡು ಬೆರಳು ಉದ್ದ:
ಮದ್ರಾಸ ಮೇಲು ತಡಾ ಆದ ರಾತ್ರಿ ಅದು.
ಬೆನ್ನಿನ ಮ್ಯಾಲ ಒಂದು ತೂತು:
ಸಿಮೆಂಟಿನ ವ್ಯಾಗನ್ನು ಐವತ್ತೆಂಟು ಎಣಿಸಿ
ಬಂದು ಕೂಡೂದರೊಳಗ ಬಿದ್ದ ಕುಣಿಕಿ.
ಕೊರಳ ಹತ್ತಿರ ಒಂದು ಸಾಲು ಬಿಗಿ, ಬಾಳ ಬಿಗಿ.
ಅವತ್ತ ಏನಾತು ಅಂತ ಅಪ್ಪ ಹೇಳಲಿಲ್ಲ.
ಟ್ರಾಲಿ ತಂದಿದ್ದರು, ಚಾದರ ಹೊಚ್ಚಿದ್ದರು,
ಅಷ್ಟ ಅವ್ವಗ ಗೊತ್ತು.
ಹಾಕ್ಕೊಂಡಾಗೆಲ್ಲ
ಗಂಟಲಿಗೆ ಹತ್ತುತಿತ್ತು.

ಹೊಸಾ ಉಲ್ಲನ್ ವರ್ಷಕ್ಕ ಒಮ್ಮೆ, ಬೋನಸ್ ಬಂದಾಗ.
ಹಿಂಗಾಗಿ ಬಿಚ್ಚೂದೂ ನಮ್ಮನ್ಯಾಗ ಹೆಣಿಕಿನ.
ನನಗ ಸಣ್ಣಾದದ್ದು ಬಿಚ್ಚಿ ತಮ್ಮ ಈರಪ್ಪಗ,
ಈರಪ್ಪ ಹರದದ್ದು ಬಿಚ್ಚಿ ಅತ್ತಿಯ ಕೂಸಿಗೆ ಕುಂಚಿಗಿ,
ಕುಂಚಿಗಿ ಬಿಚ್ಚಿ ರೇಡಿಯೋಕ್ಕ ಅಂಗಿ,
ಉಳಿದ ತುಂಡು
ಕಂದೀಲಿನ ಹಿಡಿಕಿಗೆ, ಕೈ ಸುಡದಂಗ.
ಬಿಚ್ಚೂವಾಗ ನಾನು ಎರಡೂ ಕೈ ಚಾಚಿ ಕೂಡಬೇಕು,
ಗೇಟಿನ ಕಂಬದಂಗ. ಅಲುಗಂಗಿಲ್ಲ.
ದಾರ ಬರೂದು ಸೊಟ್ಟಸೊಟ್ಟ, ಒಣಗಿದ ಶಾವಿಗಿ;
ಚಹಾದ ಕಿಟಲಿಯ ಹಬಿಗೆ ಹಿಡದರ
ನಿಧಾನಕ ಸೀದಾ ಆಗತಿತ್ತು.
ಪೂರಾ ಅಲ್ಲ.

ಆಮ್ಯಾಲ ಅಂಡರಪಾಸ ಬಂತು.
ಮಳಿ ಆದರ ಅದರಾಗ ಮೊಳಕಾಲ ನೀರು, ಇರಲಿ,
ಗೇಟಂತೂ ಕಿತ್ತರು.
ಅಪ್ಪ ರಿಟೈರಾಗಿ ದುಧನಿಯೊಳಗ
ಅಡತಿ ಅಂಗಡಿ ಹಿಂದಿನ ಬಾಡಗಿ ಮನಿ ಹಿಡದ,
ತೊಗರಿ ಧೂಳಿನ ಓಣಿ.
ಈಗ ದಿನಾ ಪೂರಾ ಅವನದ.
ಗಂಟಿಲ್ಲ, ಬಾವುಟಿಲ್ಲ, ಎಬ್ಬಿಸುವವರಿಲ್ಲ.
ಹೋದ ಚಳಿಗಾಲ ಒಂದು ಮಫ್ಲರ ಸುರು ಮಾಡಿದ,
ಎಲ್ಲಿ ನಿಲ್ಲಬೇಕು ಅನ್ನೂದ ತಿಳೀಲಿಲ್ಲ.
ಕಾಟಿನಿಂದ ಇಳೀತು, ಹೊಸ್ತಿಲಾ ಮುಟ್ಟಿತು,
ಬೆಕ್ಕು ಅದರ ಮ್ಯಾಲ ಮಲಗಿ, ಎದ್ದು, ಮತ್ತ ಮಲಗಿತು.
ಹದಿಮೂರು ಮೊಳ ಆದಾಗ ಅವ್ವ ಕೇಳಿದಳು:
‘ಯಾರ ಕೊಳ್ಳಿಗಿ ಇದು? ಮಾಲಗಾಡಿಗೇನು?’
ಅಪ್ಪ ನಕ್ಕ.
ನಕ್ಕೋತ ಇನ್ನೆರಡು ಸಾಲು ಹೆಣದ.

ರವಿವಾರ ಮಗಳನ್ನ ಕರಕೊಂಡು ಹೋಗಿದ್ದೆ.
ಮಾತಾಡೂ ಮುಂದ ಅವನ ಕೈ ನಿಂತವು.
ದೂರ ಹಳಿ ಗುಂಯ್ ಅಂದಿತ್ತು, ನನಗ ಕೇಳಿರಲಿಲ್ಲ.
ಕಡ್ಡಿಯ ತುದಿಗೆ ರಬ್ಬರ್ ಬೂಚು ಚುಚ್ಚಿ,
ಹೆಣಿಕಿ ಬಗಲಾಗ ಅವಚಿ,
ಚಪ್ಪಲಿ ಮೆಟ್ಟಿ
ಬಾಗಿಲದಾಗ ಹೋಗಿ ನಿಂತ, ನೆಟ್ಟಗ.

ಅಷ್ಟರಾಗ ಪಾರೂ ಇನ್ನೊಂದು ತುದಿ ಹಿಡಕೊಂಡು
ಎದುರಿನ ಕಟ್ಟಿಗೆ ಓಡಿಬಿಟ್ಟಿದ್ದಳು.
ಓಣಿಗೆ ಅಡ್ಡ, ಎದಿಮಟ, ನೀಲಿ ಬಿಗಿದು ನಿಂತಿತ್ತು.
ಸೈಕಲ್ಲಿನ ಹಾಲಿನವ, ಎರಡು ಮ್ಯಾಕಿ,
ಕೊಡಿ ಹಿಡಿದ ಒಬ್ಬ ಮಾಸ್ತರ,
ಯಾರೂ ಏನೂ ಅನ್ನಲಿಲ್ಲ.
ಗಾಡಿ ಹೋಗೂತನಕ
ಆಕಡೆ ಅರ್ಧ, ಈಕಡೆ ಅರ್ಧ
ನಿಂತಿದ್ದರು.